ಒಡವೆಯ ಮೇಲಿಲ್ಲದ ಹೆಸರು

ಒಡವೆಯನ್ನು ಕಂಡಾಗ ನಾವು ಕೇಳುವ ಪ್ರಶ್ನೆಗಳು ನಾಲ್ಕೋ ಐದೋ. ಎಷ್ಟು ತೊಲ? ಯಾವ ಅಂಗಡಿಯದು? ಕಲ್ಲು ಅಸಲಿಯೋ ನಕಲಿಯೋ? ಮಜೂರಿ ಎಷ್ಟು ಹಾಕಿದರು? ನಿಕಾಹ್ ಮಾತುಕತೆಯ ಮನೆಗಳಲ್ಲಂತೂ ಮೊದಲನೆಯ ಪ್ರಶ್ನೆಯ ಆಚೆಗೆ ಮಾತು ಹೋಗುವುದೇ ಕಡಿಮೆ. ಒಂದು ಗಜಲ್ ಮೆಚ್ಚುಗೆಯಾದರೆ ಶಾಯರ್ ಯಾರೆಂದು ವಿಚಾರಿಸುತ್ತೇವೆ. ಒಂದು ಕತೆ ಹಿಡಿಸಿದರೆ ಬರೆದವರ ಹೆಸರನ್ನು ನೆನಪಿಟ್ಟುಕೊಳ್ಳುತ್ತೇವೆ. ಆದರೆ ಒಂದು ಸರವನ್ನೋ ಓಲೆಯನ್ನೋ ಕೈಯಲ್ಲಿ ಹಿಡಿದು, ಇದರ ಗೆರೆಯನ್ನು ಮೊದಲು ಕಾಗದದ ಮೇಲೆ ಎಳೆದವರು ಯಾರು ಎಂದು ಕೇಳುವುದಿಲ್ಲ.

ಹಾಗೆ ಗೆರೆ ಎಳೆದ ಒಬ್ಬರ ಹೆಸರು ಷಾರ್ಲ್ ಜಾಕೊ. 1885ರಲ್ಲಿ ಹುಟ್ಟಿ 1968ರಲ್ಲಿ ತೀರಿಕೊಂಡ ಫ್ರೆಂಚ್ ಒಡವೆ ವಿನ್ಯಾಸಕಾರರು. ಪ್ಯಾರಿಸ್ಸಿನ ಕಾರ್ಟಿಯೆ ಸಂಸ್ಥೆಯ ಮೇಜಿನ ಮುಂದೆ ಕುಳಿತು ದಶಕಗಳ ಕಾಲ ಒಡವೆಗಳನ್ನು ಚಿತ್ರಿಸಿದವರು. ಕಾರ್ಟಿಯೆ ಎಂಬ ಹೆಸರನ್ನು ಕೇಳದ ಸಿರಿವಂತರು ಜಗತ್ತಿನಲ್ಲಿ ವಿರಳ. ಜಾಕೊ ಎಂಬ ಹೆಸರನ್ನು ಕೇಳಿದವರು ಅದಕ್ಕಿಂತ ವಿರಳ. ಈ ಪುಟಗಳಲ್ಲಿ ಅವರ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಆ ಪ್ಯಾರಿಸ್ಸಿನ ಕಣ್ಣಿಗೆ ಹೊಸ ಗೆರೆಯನ್ನೂ ಹೊಸ ಬಣ್ಣವನ್ನೂ ಕಲಿಸಿದ ಗುರುಗಳಲ್ಲಿ ಇರಾನಿನ ಪುಸ್ತಕಗಳಿದ್ದವು, ಮಧ್ಯ ಏಷ್ಯಾದ ಇಟ್ಟಿಗೆ ಗೋಡೆಗಳಿದ್ದವು, ಮೊಗಲ್ ಹಿಂದುಸ್ತಾನದ ಪಚ್ಚೆಗಳಿದ್ದವು. ಒಬ್ಬ ಮರೆತುಹೋದ ವಿನ್ಯಾಸಕಾರನನ್ನು ಹುಡುಕಿಕೊಂಡು ಹೋದರೆ, ಅವರ ಬೆನ್ನ ಹಿಂದೆ ಹೆಸರೇ ದಾಖಲಾಗದ ನೂರಾರು ಕೈಗಳು ಕಾಣುತ್ತವೆ.

ಅಂಗಡಿಯೂ ಅದರ ಯಜಮಾನರೂ

ಕಾರ್ಟಿಯೆ ಅಂಗಡಿ ಶುರುವಾದದ್ದು 1847ರಲ್ಲಿ. 1899ರಲ್ಲಿ ಅದು ಪ್ಯಾರಿಸ್ಸಿನ ರ್ಯೂ ದ ಲಾ ಪೇ ಎಂಬ ಸಿರಿವಂತರ ಬೀದಿಗೆ ಬಂತು. ಆಗ ಮೂರನೆಯ ತಲೆಮಾರಿನ ಮೂವರು ಅಣ್ಣತಮ್ಮಂದಿರು ಬೆಳೆಯುತ್ತಿದ್ದರು. ಹಿರಿಯರಾದ ಲೂಯಿ ಪ್ಯಾರಿಸ್ಸನ್ನು ನೋಡಿಕೊಂಡರು. ಪಿಯೆರ್ ಅಮೆರಿಕದ ನ್ಯೂಯಾರ್ಕಿಗೆ ಹೋದರು. ಕಿರಿಯರಾದ ಜಾಕ್ ಲಂಡನ್ ಅಂಗಡಿಯನ್ನು ವಹಿಸಿಕೊಂಡರು. ಓದುಗರು ಇಲ್ಲೊಂದು ಎಚ್ಚರ ವಹಿಸಬೇಕು. ಜಾಕ್ ಎಂದರೆ ಯಜಮಾನರ ಮನೆಯವರು, ಜಾಕೊ ಎಂದರೆ ಸಂಬಳಕ್ಕಿದ್ದ ಚಿತ್ರಕಾರರು. ಹೆಸರಿನಲ್ಲಿ ಅರ್ಧ ಅಕ್ಷರದ ವ್ಯತ್ಯಾಸ, ಇತಿಹಾಸದ ಪುಸ್ತಕದಲ್ಲಿ ಅಜಗಜಾಂತರ.

ಲೂಯಿ ವ್ಯಾಪಾರಿಯೂ ಹೌದು, ಕಲೆಯ ಹುಚ್ಚಿನವರೂ ಹೌದು. ಅಂದಿನ ಪ್ಯಾರಿಸ್ಸಿನಲ್ಲಿ ಮುಸ್ಲಿಮ್ ನಾಡುಗಳ ಕಲೆಯ ಬಗ್ಗೆ ದೊಡ್ಡ ಕುತೂಹಲ ಹುಟ್ಟಿತ್ತು. 1903ರಲ್ಲಿ ಅಲ್ಲಿನ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ ಒಂದು ದೊಡ್ಡ ಪ್ರದರ್ಶನ ನಡೆಯಿತು. 1910ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅದಕ್ಕಿಂತ ವಿಸ್ತಾರವಾದದ್ದು ನಡೆಯಿತು. ಅರಮನೆ, ದರ್ಗಾ, ಮದರಸಾಗಳಿಂದ ಹೇಗೆ ಹೇಗೋ ಹೊರಬಿದ್ದ ಗಾಲೀಚೆ, ಹೆಂಚು, ಹಸ್ತಪ್ರತಿ, ಹಿತ್ತಾಳೆಯ ಪಾತ್ರೆಗಳು ಯುರೋಪಿನ ಮಾರುಕಟ್ಟೆಗೆ ಬಂದು ಬೀಳುತ್ತಿದ್ದ ಕಾಲ ಅದು. ಲೂಯಿ ಪರ್ಷಿಯನ್ ಮತ್ತು ಮೊಗಲ್ ಕಿರುಚಿತ್ರಗಳನ್ನೂ ಹಸ್ತಪ್ರತಿಗಳನ್ನೂ ಕೊಂಡು ಕೂಡಿಸತೊಡಗಿದರು. ಅವರ ಸಂಗ್ರಹದಲ್ಲಿ ಇರಾನಿನ ಮೀರ್ ಸಯ್ಯದ್ ಅಲಿಗೆ ಸೇರಿದವೆನ್ನುವ ಹಾಳೆಗಳೂ ಇದ್ದವು. ಇದೇ ಮೀರ್ ಸಯ್ಯದ್ ಅಲಿ ಹುಮಾಯೂನನ ಆಸ್ಥಾನಕ್ಕೆ ಬಂದು ನಮ್ಮ ಮೊಗಲ್ ಚಿತ್ರಕಲೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬ. ಚಿತ್ರಕಾರ ಹಿಂದುಸ್ತಾನಕ್ಕೆ ಬಂದ, ಅವನ ಹಾಳೆಗಳು ಪ್ಯಾರಿಸ್ಸಿಗೆ ಹೋದವು. ಅವು ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿವೆ.

ಲೂಯಿ ಈ ಸಂಗ್ರಹವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ತಮ್ಮ ಚಿತ್ರಕಾರರಿಗೆ ತೋರಿಸಿದರು. ಸಂಸ್ಥೆಯ ಗ್ರಂಥಾಲಯದಲ್ಲಿ ಓವೆನ್ ಜೋನ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ 1856ರಲ್ಲಿ ಹೊರತಂದ ಅಲಂಕಾರ ಮಾದರಿಗಳ ದೊಡ್ಡ ಪುಸ್ತಕವಿತ್ತು. ಅದರಲ್ಲಿ ಅರಬ್, ಪರ್ಷಿಯನ್, ಭಾರತೀಯ ನಮೂನೆಗಳ ಬಣ್ಣದ ಪುಟಗಳಿದ್ದವು. ಗೋಡೆಯ ಮೇಲೆ ಗಜಗಟ್ಟಲೆ ಹರಡಿಕೊಂಡಿದ್ದ ನಮೂನೆ ಆ ಪುಟದಲ್ಲಿ ಅಂಗೈಯಗಲಕ್ಕೆ ಇಳಿದಿತ್ತು. ಅದು ಬೆರಳಗಲದ ಒಡವೆಗೆ ಇಳಿಯಲು ಇನ್ನೊಂದೇ ಹೆಜ್ಜೆ ಬಾಕಿ. ಆ ಹೆಜ್ಜೆಯನ್ನು ಹಾಕಿದವರಲ್ಲಿ ಮುಖ್ಯರು ಜಾಕೊ.

ನೀಲಿಯ ಪಕ್ಕದಲ್ಲಿ ಹಸಿರು

ಜಾಕೊ 1909ರಲ್ಲಿ ಕಾರ್ಟಿಯೆಗೆ ಸೇರಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ದಿಯಾಗಿಲೆಫ್ ಎಂಬವರ ರಷ್ಯನ್ ನೃತ್ಯ ತಂಡ ಮೊದಲ ಬಾರಿಗೆ ಪ್ರದರ್ಶನ ನೀಡಿತು. 1910ರಲ್ಲಿ ಆ ತಂಡ 'ಶಹರಜಾದೆ' ಎಂಬ ನೃತ್ಯರೂಪಕವನ್ನು ರಂಗಕ್ಕೆ ತಂದಿತು. ಅದು ಅಲ್ಫ್ ಲೈಲಾ, ಅಂದರೆ ಸಾವಿರದ ಒಂದು ರಾತ್ರಿಗಳ ಚೌಕಟ್ಟು ಕತೆಯನ್ನು ಆಧರಿಸಿದ್ದು. ವೇಷಭೂಷಣ ಮತ್ತು ರಂಗಸಜ್ಜಿಕೆ ಲಿಯೋನ್ ಬಾಕ್ಸ್ತ್ ಅವರದು. ರಂಗದ ಮೇಲಿನ ಬಣ್ಣಗಳನ್ನು ಕಂಡು ಪ್ಯಾರಿಸ್ ದಂಗಾಯಿತು. ಅಲ್ಲಿಯವರೆಗೆ ಸಭ್ಯರ ಮನೆಗಳಲ್ಲಿ ನೀಲಿ ಮತ್ತು ಹಸಿರು ಅಕ್ಕಪಕ್ಕ ಕೂರುವಂತಿರಲಿಲ್ಲ. ಬಾಕ್ಸ್ತ್ ಅವೆರಡನ್ನೂ ಒಟ್ಟಿಗೆ ಸುರಿದುಬಿಟ್ಟಿದ್ದರು.

ಜಾಕೊ ಆ ಪ್ರದರ್ಶನಗಳಿಗೆ ಹೋಗುತ್ತಿದ್ದರು, ಕಂಡದ್ದನ್ನು ಗೀಚಿಕೊಳ್ಳುತ್ತಿದ್ದರು. ಕಾರ್ಟಿಯೆಯ ಒಡವೆಗಳು ಆ ಕಾಲದವರೆಗೆ ಬಹುಪಾಲು ಬಿಳಿ, ಪ್ಲಾಟಿನಂ ಮೇಲೆ ವಜ್ರ ಮತ್ತು ಮುತ್ತು. ಮೆಲ್ಲಮೆಲ್ಲನೆ ಅಲ್ಲಿ ನೀಲಮಣಿಯ ಪಕ್ಕ ಪಚ್ಚೆ ಕುಳಿತಿತು. ಲಾಜವರ್ದಿನ ಕಡುನೀಲಿಯ ಪಕ್ಕ ಫಿರೋಜಾ ಬಂತು. ಓನಿಕ್ಸ್ ಎಂಬ ಕಪ್ಪು ಕಲ್ಲಿನ ಪಕ್ಕ ಹವಳ ಬಂತು. ನವಿಲಿನ ಬಣ್ಣಗಳೆಂದು ವಿಮರ್ಶಕರು ಆ ನೀಲಿ ಹಸಿರಿನ ಜೋಡಿಯನ್ನು ಕರೆದರು.

ಪ್ಯಾರಿಸ್ಸಿಗೆ ಅದು ಸಾಹಸ. ಆದರೆ ಇಸ್ಫಹಾನಿನ ಮಸೀದಿಯ ಗುಮ್ಮಟವನ್ನೋ, ತುರ್ಕಿಯ ಇಜ್ನಿಕ್ ಹೆಂಚನ್ನೋ, ಸಮರ್‌ಕಂದಿನ ಮದರಸಾದ ಹೊರಗೋಡೆಯನ್ನೋ ನೋಡಿದವರಿಗೆ ಆ ಜೋಡಿಯಲ್ಲಿ ಆಶ್ಚರ್ಯವೇನಿಲ್ಲ. ಬದಖ್‌ಶಾನಿನ ಲಾಜವರ್ದ್ ಮತ್ತು ನಿಶಾಪುರದ ಫಿರೋಜಾ ಶತಮಾನಗಳಿಂದ ಒಂದೇ ಬಜಾರಿನ ನೆರೆಹೊರೆಯವರು. ಯುರೋಪು ಸಾಹಸ ಎಂದು ಕರೆದದ್ದು ಪೂರ್ವದಲ್ಲಿ ವಾಡಿಕೆಯಾಗಿತ್ತು.

ವೃತ್ತದಿಂದ ಹುಟ್ಟುವ ನಕ್ಷತ್ರ

ಬಣ್ಣಕ್ಕಿಂತ ಆಳವಾದ ಪ್ರಭಾವ ಗೆರೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಒಡವೆಗಳಲ್ಲಿ ಹೂಮಾಲೆ, ರಿಬ್ಬನ್ನಿನ ಗಂಟು, ಬಳುಕುವ ಬಳ್ಳಿಗಳದೇ ರಾಜ್ಯ. ಕಾರ್ಟಿಯೆಯ ವಿನ್ಯಾಸದ ಕೋಣೆಯಲ್ಲಿ ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಬೇರೊಂದು ಬಗೆ ಕಾಣಿಸಿಕೊಂಡಿತು. ಚೌಕ, ಷಟ್ಕೋನ, ನಕ್ಷತ್ರ, ಒಂದರೊಳಗೊಂದು ಹೆಣೆದುಕೊಂಡ ಪಟ್ಟಿ, ಕೋಟೆಯ ತೆನೆಯಂತೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಅಂಚು. ಮುಂದೆ 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಿಂದ ಹೆಸರು ಪಡೆದು 'ಆರ್ಟ್ ಡೆಕೊ' ಎನಿಸಿಕೊಂಡ ಶೈಲಿಯ ಬೇರುಗಳಲ್ಲಿ ಇದೂ ಒಂದು. ಆಧುನಿಕತೆ ಎಂದರೆ ಯಂತ್ರ, ಕಾರ್ಖಾನೆ, ಪಶ್ಚಿಮ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಸ್ವಲ್ಪ ಗಲಿಬಿಲಿಯ ಸಂಗತಿ. ಅತ್ಯಂತ ಆಧುನಿಕ ಎನಿಸಿಕೊಂಡ ಗೆರೆಗಳ ಒಂದು ತವರು ಮಧ್ಯಯುಗದ ಇಟ್ಟಿಗೆ ಗೋಡೆ.

ಆ ಗೆರೆಯ ಹಿಂದಿನ ವಿದ್ಯೆ ಸರಳವೂ ಹೌದು, ಕಠಿಣವೂ ಹೌದು. ಉಸ್ತಾದನ ಕೈಯಲ್ಲಿ ಕೈವಾರ ಮತ್ತು ಅಳತೆಪಟ್ಟಿ ಇಷ್ಟೇ. ಒಂದು ವೃತ್ತ ಎಳೆಯುತ್ತಾನೆ. ಅದನ್ನು ಆರು, ಎಂಟು ಅಥವಾ ಹತ್ತು ಸಮಭಾಗ ಮಾಡುತ್ತಾನೆ. ಬಿಂದುಗಳನ್ನು ಜೋಡಿಸಿದರೆ ನಕ್ಷತ್ರ ಹುಟ್ಟುತ್ತದೆ. ನಕ್ಷತ್ರದ ತೋಳುಗಳನ್ನು ಮುಂದಕ್ಕೆಳೆದರೆ ಪಕ್ಕದ ನಕ್ಷತ್ರ ಸಿಗುತ್ತದೆ. ಗೋಡೆ ಮುಗಿದರೂ ನಮೂನೆ ಮುಗಿಯುವುದಿಲ್ಲ. ಇಟ್ಟಿಗೆಯನ್ನು ಅಡ್ಡ ಮತ್ತು ಉದ್ದಕ್ಕೆ ತಿರುಗಿಸಿ ಜೋಡಿಸುವುದರಿಂದಲೇ ಮೂಡುವ ನಮೂನೆಗಳಿಗೆ ಇರಾನಿನಲ್ಲಿ ಹಜಾರ್‌ಬಾಫ್, ಅಂದರೆ ಸಾವಿರ ನೇಯ್ಗೆ ಎನ್ನುತ್ತಾರೆ. ಜಾಕೊ ಕಾಲದ ವಿನ್ಯಾಸಕಾರರು ಆ ಇಟ್ಟಿಗೆಯ ಜಾಗದಲ್ಲಿ ವಜ್ರವನ್ನಿಟ್ಟರು.

ಇದು ಸಾಧ್ಯವಾಗಲು ಲೋಹವೂ ಒದಗಿಬಂತು. ಪ್ಲಾಟಿನಂ ಗಟ್ಟಿ. ಕೂದಲೆಳೆಯಷ್ಟು ತೆಳುವಾಗಿ ಎಳೆದರೂ ಕಲ್ಲನ್ನು ಬಿಗಿಯಾಗಿ ಹಿಡಿದಿಡುತ್ತದೆ. ಬಂಗಾರದ ದಪ್ಪ ಚೌಕಟ್ಟಿನಲ್ಲಿ ಮುಚ್ಚಿಹೋಗುತ್ತಿದ್ದ ಚೂಪು ಮೂಲೆಗಳು ಪ್ಲಾಟಿನಂನಲ್ಲಿ ಸ್ಪಷ್ಟವಾಗಿ ಕಂಡವು. ಮಾಣಿಕ್ಯ, ನೀಲ, ಓನಿಕ್ಸ್‌ಗಳನ್ನು ವಿನ್ಯಾಸದ ಅಳತೆಗೆ ತಕ್ಕಂತೆ ಚಿಕ್ಕ ಚಿಕ್ಕ ಪಟ್ಟಿಗಳಾಗಿ ಕತ್ತರಿಸಿ ಕೂರಿಸುವ ಕಸುಬೂ ಜೊತೆಗೆ ಬೆಳೆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸುವುದು ಒಳ್ಳೆಯದು. ಮುಸ್ಲಿಮ್ ಕಲೆಯೆಂದರೆ ಬರೀ ರೇಖಾಗಣಿತ, ಜೀವಿಗಳ ಚಿತ್ರಕ್ಕೆ ಅಲ್ಲಿ ಜಾಗವೇ ಇಲ್ಲ ಎನ್ನುವವರಿದ್ದಾರೆ. ಮಸೀದಿಯ ಗೋಡೆಗೆ ಆ ಮಾತು ಸಲ್ಲುತ್ತದೆ. ಅರಮನೆಗೆ, ಪುಸ್ತಕಕ್ಕೆ, ಗಾಲೀಚೆಗೆ ಸಲ್ಲುವುದಿಲ್ಲ. ಲೂಯಿ ಕೂಡಿಸಿದ ಹಾಳೆಗಳಲ್ಲಿ ಜಿಂಕೆಯಿದೆ, ಗುಡಾರವಿದೆ, ಅಡುಗೆ ಮಾಡುವ ಹೆಂಗಸರಿದ್ದಾರೆ. ಕಾರ್ಟಿಯೆಯ ಸಣ್ಣ ಪೆಟ್ಟಿಗೆಗಳ ಮೇಲೆ ಮೂಡಿದ ಪರ್ಷಿಯನ್ ಉದ್ಯಾನಗಳಿಗೆ, ಸೈಪ್ರಸ್ ಮರಗಳಿಗೆ ಅಂಥ ಹಾಳೆಗಳೇ ಮೂಲ.

ಕಲ್ಲುಗಳ ಪಯಣ

ಜಾಕೊ ಕಂಡ ಪೂರ್ವ ಹೆಚ್ಚಾಗಿ ಪುಸ್ತಕ, ಸಂಗ್ರಹಾಲಯ ಮತ್ತು ರಂಗಭೂಮಿಯ ಮೂಲಕ ಬಂದದ್ದು. ಕಲ್ಲುಗಳ ಮೂಲಕ ಬಂದ ಪೂರ್ವಕ್ಕೆ ದಾರಿ ಮಾಡಿದವರು ಯಜಮಾನರ ಕಿರಿಯ ತಮ್ಮ ಜಾಕ್. ಅವರು 1911ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಆ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆಯಿತು. ದೇಶದ ರಾಜ ನವಾಬರೆಲ್ಲ ಒಂದೇ ಊರಿನಲ್ಲಿ ಸೇರಿದ್ದರು. ಒಡವೆ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಸಂತೆ ಎಲ್ಲಿ ಸಿಗಬೇಕು?

ಭಾರತದ ರಾಜರಿಗೆ ಬೇಕಾದದ್ದು ಪ್ಯಾರಿಸ್ಸಿನ ಹೊಸ ಫ್ಯಾಶನ್. ಪ್ಯಾರಿಸ್ಸಿಗೆ ಬೇಕಾದದ್ದು ಭಾರತದ ಹಳೆಯ ಕಲ್ಲು. ಹೀಗೆ ಒಂದು ಕೊಡುಕೊಳ್ಳುವಿಕೆ ಶುರುವಾಯಿತು. ತಾತ ಮುತ್ತಾತರ ಕುಂದನ್ ಒಡವೆಗಳನ್ನು ಬಿಚ್ಚಿಸಿ, ಕಲ್ಲುಗಳನ್ನು ಪ್ಲಾಟಿನಂನಲ್ಲಿ ಮರುಕೂರಿಸಲು ರಾಜರು ಪ್ಯಾರಿಸ್ಸಿಗೆ ಕಳಿಸಿದರು. ಕುಂದನ್ ಎಂದರೆ ಅಪ್ಪಟ ಬಂಗಾರದ ತೆಳು ಹಾಳೆಯನ್ನು ಕಲ್ಲಿನ ಸುತ್ತ ಒತ್ತಿ ಒತ್ತಿ ಕೂರಿಸುವ ವಿದ್ಯೆ. ಕಲ್ಲಿನ ಆಕಾರ ಹೇಗೇ ಇರಲಿ, ಬಂಗಾರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಡವೆಯ ಹಿಂಬದಿಗೆ ಮೀನಾಕಾರಿಯ ಬಣ್ಣ. ಮೈಗೆ ತಾಗುವ, ಯಾರಿಗೂ ಕಾಣದ ಆ ಮಗ್ಗುಲನ್ನೂ ಕಾರೀಗರ ಹೂಗಳಿಂದ ತುಂಬುತ್ತಿದ್ದ. ಆ ಒಡವೆಗಳನ್ನು ಬಿಚ್ಚಿದಾಗ ಕಲ್ಲು ಉಳಿಯಿತು, ಹಿಂಬದಿಯ ಹೂಗಳು ಕರಗಿ ಹೋದವು.

ಈ ಕೊಡುಕೊಳ್ಳುವಿಕೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಅವರ ಹಾರ. 1925ರಲ್ಲಿ ಕೆಲಸ ಒಪ್ಪಿಸಿದರು, 1928ರಲ್ಲಿ ಅದು ಸಿದ್ಧವಾಯಿತು. 2,930 ವಜ್ರಗಳು. ನಡುವೆ 234 ಕ್ಯಾರೆಟ್ಟಿಗೂ ಮೀರಿದ ಡಿ ಬಿಯರ್ಸ್ ವಜ್ರ. ಐದು ಕ್ಯಾರೆಟ್ಟಿಗೆ ಒಂದು ಗ್ರಾಂ ಎಂದು ಲೆಕ್ಕ ಹಾಕಿದರೆ ಆ ಒಂದೇ ವಜ್ರ ಸುಮಾರು 47 ಗ್ರಾಂ ತೂಗುತ್ತದೆ. 1948ರ ಸುಮಾರಿಗೆ ಹಾರ ಕಣ್ಮರೆಯಾಯಿತು. ನಡುವಿನ ವಜ್ರ 1982ರಲ್ಲಿ ಜಿನೀವಾದ ಹರಾಜಿನಲ್ಲಿ ಕಾಣಿಸಿಕೊಂಡಿತು. ದೊಡ್ಡ ಕಲ್ಲುಗಳನ್ನು ಕಿತ್ತು ತೆಗೆದಿದ್ದ ಹಾರದ ಅಸ್ಥಿಪಂಜರ 1998ರಲ್ಲಿ ಲಂಡನ್ನಿನಲ್ಲಿ ಸಿಕ್ಕಿತು. ಬೊಂಬಾಯಿಯ ಪಾರ್ಸಿ ಉದ್ಯಮಿ ಸರ್ ಧನ್‌ಜಿಭಾಯ್ ಬೊಮನ್‌ಜಿ ಅವರಿಗಾಗಿ 1922ರಲ್ಲಿ ಕಾರ್ಟಿಯೆ ಒಂದು ಬಾಜೂಬಂದ್ ಮಾಡಿಕೊಟ್ಟಿತು. ನಮ್ಮ ತೋಳಬಂದಿಯೇ ಅದು, ಪ್ಲಾಟಿನಂ ಮತ್ತು ವಜ್ರದಲ್ಲಿ.

ಜಾಕ್ ಪರ್ಷಿಯನ್ ಕೊಲ್ಲಿಗೂ ಹೋದರು. 1912ರಲ್ಲಿ ಬಹ್ರೈನಿನ ಮುತ್ತಿನ ವ್ಯಾಪಾರಿಗಳನ್ನು ಕಂಡರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ದುಡಿಯಲು ಹೋಗುವ ಆ ಕೊಲ್ಲಿಯಲ್ಲಿ ಆಗ ತೈಲವಿನ್ನೂ ಸಿಕ್ಕಿರಲಿಲ್ಲ. ಅಲ್ಲಿನ ಜೀವನಾಧಾರವೇ ಮುತ್ತು. ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿಕೊಂಡು ಮುಳುಗುವವರು ಸಾಲದಲ್ಲಿಯೇ ಹುಟ್ಟಿ ಸಾಲದಲ್ಲಿಯೇ ಸಾಯುತ್ತಿದ್ದರು. ಅತ್ತ ನ್ಯೂಯಾರ್ಕಿನಲ್ಲಿ 1917ರಲ್ಲಿ ಪಿಯೆರ್ ಕಾರ್ಟಿಯೆ ಎರಡೆಳೆಯ ಒಂದು ಮುತ್ತಿನ ಸರವನ್ನು ಕೊಟ್ಟು ಬದಲಿಗೆ ಫಿಫ್ತ್ ಅವೆನ್ಯೂ ಬೀದಿಯಲ್ಲಿ ಒಂದು ಮಹಲನ್ನೇ ಪಡೆದರು. ಸರದ ಬೆಲೆ ಹತ್ತು ಲಕ್ಷ ಡಾಲರ್. ಆ ಮುತ್ತುಗಳನ್ನು ಕಡಲಿನಿಂದ ಎತ್ತಿದವರು ಯಾರೆಂದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಹೆಸರಿಡುವವರು ಯಾರು?

ಜಾಕ್ ಮತ್ತು ಸಂಸ್ಥೆಯ ಪ್ರತಿನಿಧಿಗಳು ಭಾರತದಿಂದ ಕೊಂಡೊಯ್ದ ಸರಕಿನಲ್ಲಿ ಒಂದು ವಿಶೇಷ ಬಗೆಯಿತ್ತು. ಎಲೆ, ಮೊಗ್ಗು, ಹಣ್ಣಿನ ಆಕಾರದಲ್ಲಿ ಕೆತ್ತಿದ ಮಾಣಿಕ್ಯ, ನೀಲ, ಪಚ್ಚೆಗಳು. ಯುರೋಪಿನಲ್ಲಿ ಕಲ್ಲಿಗೆ ಪಟ್ಟೆ ಹೊಡೆದು ಹೊಳಪು ತರುವುದು ಪದ್ಧತಿ. ಮೊಗಲರ ಕಾರೀಗರರು ಕಲ್ಲಿನ ಮೈಮೇಲೆ ಹೂ ಕೆತ್ತುತ್ತಿದ್ದರು. ಪಚ್ಚೆಗಳು ಬಂದದ್ದು ದಕ್ಷಿಣ ಅಮೆರಿಕದ ಇಂದಿನ ಕೊಲಂಬಿಯಾದ ಗಣಿಗಳಿಂದ. ಸ್ಪೇನಿನವರು ಅಗೆಸಿ ತೆಗೆದ ಕಲ್ಲುಗಳು ಗೋವೆಯ ಬಂದರಿನಲ್ಲಿಳಿದು ಮೊಗಲರ ಮತ್ತು ದಕ್ಖನಿನ ಸುಲ್ತಾನರ ಆಸ್ಥಾನಗಳನ್ನು ಸೇರುತ್ತಿದ್ದವು. ಕೆತ್ತಿದವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಹೂವಿಗೆ ಜಾತಿ ಕೇಳುವ ಪದ್ಧತಿ ಆ ಕಾರ್ಖಾನೆಗಳಲ್ಲಿ ಇರಲಿಲ್ಲ.

ಪ್ಯಾರಿಸ್ಸಿನ ವಿನ್ಯಾಸದ ಕೋಣೆ ಈ ಎಲೆ ಹಣ್ಣುಗಳನ್ನು ವಜ್ರದ ಕೊಂಬೆಗಳ ಮೇಲೆ ಗೊಂಚಲು ಗೊಂಚಲಾಗಿ ಜೋಡಿಸಿತು. 1925ರ ಪ್ರದರ್ಶನದಲ್ಲಿ 'ಬೆರೆನೀಸ್' ಎಂಬ ಒಡವೆಯನ್ನು ಇಟ್ಟಿದ್ದರು. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹರಡಿಕೊಳ್ಳುವ ಪಟ್ಟಿ, ಅದರಲ್ಲಿ ಮೂರು ದೊಡ್ಡ ಕೆತ್ತನೆಯ ಪಚ್ಚೆಗಳು. ಮುಂದೆ ಅದನ್ನು ಬಿಚ್ಚಲಾಯಿತು. 1936ರಲ್ಲಿ ಡೇಸಿ ಫೆಲೋಸ್ ಎಂಬ ಸಿರಿವಂತ ಮಹಿಳೆಗಾಗಿ ಮಾಡಿದ ಹಾರ ಈ ಶೈಲಿಯ ಶಿಖರ. ಅದರ ಫ್ರೆಂಚ್ ಹೆಸರು 'ಕೊಲಿಯೆ ಹಿಂದೂ', ಅಂದರೆ ಹಿಂದೂ ಹಾರ. ಆಗಿನ ಫ್ರೆಂಚರ ಬಾಯಲ್ಲಿ ಹಿಂದೂ ಎಂದರೆ ಭಾರತೀಯ ಎಂದಷ್ಟೇ ಅರ್ಥ. ಮೊಗಲ್ ಕೆತ್ತನೆಯ ಪರಂಪರೆಗೆ ಹೀಗೆ ಹಿಂದೂ ಎಂಬ ಚೀಟಿ ಅಂಟಿತು. ದಶಕಗಳ ನಂತರ ಈ ಶೈಲಿಗೇ ಹೊಸದೊಂದು ಹೆಸರು ಬಂತು. ಏನು ಗೊತ್ತೇ? 'ಟೂಟಿ ಫ್ರೂಟಿ'! ಇಟಾಲಿಯನ್ನಿನಲ್ಲಿ ಎಲ್ಲ ಹಣ್ಣುಗಳು ಎಂದರ್ಥ. ನಮ್ಮ ಬೇಕರಿಗಳ ಕೇಕು, ಬನ್ನುಗಳಲ್ಲಿ ಸಿಗುವ ಬಣ್ಣದ ಪಪ್ಪಾಯಿ ಚೂರಿಗೂ ಅದೇ ಹೆಸರು. 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಕೊರೊನಾ ಭಯದಲ್ಲಿ ಬಾಗಿಲು ಹಾಕಿಕೊಂಡಿದ್ದಾಗ, ಈ ಹೆಸರಿನ ಒಂದು ಕಡಗ ಇಂಟರ್‌ನೆಟ್ ಹರಾಜಿನಲ್ಲಿ 13 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಕೆತ್ತಿದವನದು ಒಂದು ನಾಡು, ಹೆಸರಿಟ್ಟವರದು ಇನ್ನೊಂದು ನಾಡು. ನಮ್ಮ ಸೀರೆಯ ಸೆರಗಿನ ಮಾವಿನಕಾಯಿಯ ಕತೆಯೂ ಇದೇ. ಪರ್ಷಿಯನ್ನಿನಲ್ಲಿ ಬೋತೆ, ಉರ್ದುವಿನಲ್ಲಿ ಬೂಟಾ. ಕಾಶ್ಮೀರದ ಶಾಲಿನ ಮೇಲೆ ಶತಮಾನಗಳ ಕಾಲ ಅರಳಿದ ಆ ನಮೂನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನ ಮಗ್ಗಗಳು ನಕಲು ಮಾಡಿದವು. ಈಗ ಜಗತ್ತಿಗೆಲ್ಲ ಅದು 'ಪೈಸ್ಲಿ'. ಹೊಲಿದವನು ಒಬ್ಬ, ಅಂಗಿಯ ಮೇಲೆ ಹೆಸರು ಬರೆಸಿಕೊಂಡವನು ಇನ್ನೊಬ್ಬ.

ಇದನ್ನು ಕಂಡು, ಪಶ್ಚಿಮದವರು ಎಲ್ಲವನ್ನೂ ಕದ್ದರು ಎಂದು ಕೂಗುವುದು ಸುಲಭ. ಅಯ್ಯೋ, ಅವರು ನಮ್ಮ ಕಲೆಯನ್ನು ಗೌರವಿಸಿದರು ಎಂದು ಹಿಗ್ಗುವುದು ಇನ್ನೂ ಸುಲಭ. ಎರಡೂ ಅರ್ಧ ಸತ್ಯಗಳು. ಲೂಯಿ ಮತ್ತು ಜಾಕೊ ಆ ಗೆರೆಯನ್ನು ಕಣ್ಣುಬಿಟ್ಟು ನೋಡಿದರು, ಅಭ್ಯಾಸ ಮಾಡಿದರು, ಅದರಿಂದ ಹೊಸತೊಂದನ್ನು ಕಟ್ಟಿದರು. ಇದು ಕಳ್ಳತನವಲ್ಲ, ಕಲಿಕೆ. ಆದರೆ ಹಳೆಯ ವಸ್ತುಗಳ ತುಂಡುಗಳನ್ನು ಕೂಡಿಟ್ಟುಕೊಂಡು ಹೊಸ ಒಡವೆಗಳಲ್ಲಿ ಅಳವಡಿಸುವ ಪದ್ಧತಿಯೂ ಅಲ್ಲಿತ್ತು. ಅಧಿಕಾರವಿಲ್ಲದ ನಾಡುಗಳಿಂದ ಕಲ್ಲು ಮತ್ತು ಹಾಳೆಗಳು ಅಧಿಕಾರವಿರುವ ನಾಡಿಗೆ ಹರಿದದ್ದೂ ನಿಜ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೇ ಇತಿಹಾಸದ ಕೆಲಸ.

ದಕ್ಖನಿನ ಪಾಲು

ಕನ್ನಡದ ಓದುಗರಿಗೆ ಈ ಕತೆ ದೂರದ್ದೆನಿಸಬಾರದು. ಲೂಯಿ ಕಾರ್ಟಿಯೆ ಅವರ ಸಂಗ್ರಹದಲ್ಲಿದ್ದ ಒಂದು ಕಲಂದಾನ್ ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ದಂತದಲ್ಲಿ ಕೆತ್ತಿ, ಬಂಗಾರ ಮತ್ತು ಫಿರೋಜಾ ಕೂರಿಸಿದ ಲೇಖನಿಯ ಪೆಟ್ಟಿಗೆ. ಹದಿನಾರನೆಯ ಶತಮಾನದ ಕೊನೆ ಅಥವಾ ಹದಿನೇಳರ ಆರಂಭದಲ್ಲಿ ದಕ್ಖನಿನಲ್ಲಿ ತಯಾರಾದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಅದರೊಂದಿಗೆ ಬರುವ ಹೆಸರು ಮಿರ್ಜಾ ಮುಹಮ್ಮದ್ ಮುನ್ಶಿ. ಮುನ್ಶಿ ಎಂದರೆ ಬರವಣಿಗೆಯವನು. ಬರೆಯುವವನ ಪೆಟ್ಟಿಗೆಯಾದ್ದರಿಂದ ಒಂದು ಹೆಸರಾದರೂ ಉಳಿಯಿತು.

ಇನ್ನೊಂದು ವಸ್ತು ಕತಾರಿನ ದೋಹಾದ ಇಸ್ಲಾಮೀ ಕಲಾ ಸಂಗ್ರಹಾಲಯದಲ್ಲಿದೆ. 217.80 ಕ್ಯಾರೆಟ್ಟಿನ, ಅಂದರೆ ಸುಮಾರು 44 ಗ್ರಾಮಿನ ಒಂದೇ ಪಚ್ಚೆ. ಒಂದು ಮುಖದಲ್ಲಿ ಹೂಗಳು. ಇನ್ನೊಂದರಲ್ಲಿ ಶಿಯಾ ಸಂಪ್ರದಾಯದ ಪ್ರಾರ್ಥನೆ ಮತ್ತು ಹಿಜರಿ 1107, ಅಂದರೆ ಕ್ರಿ.ಶ. 1695-96 ಎಂಬ ತಾರೀಖು. ಆಗ ದೊರೆ ಔರಂಗಜೇಬ್, ಅವನು ಸುನ್ನಿ. ಶಿಯಾ ಒಲವಿನ ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಅವನ ಕೈಸೇರಿ ಹೆಚ್ಚು ವರ್ಷಗಳಾಗಿರಲಿಲ್ಲ. ಹಾಗಾಗಿ ಇದನ್ನು ಮಾಡಿಸಿದವರು ದಕ್ಖನಿನ ಯಾರೋ ಇರಬಹುದೆಂಬ ಊಹೆಯಿದೆ. ಪಚ್ಚೆಯ ಮೇಲೆ ಪ್ರಾರ್ಥನೆಯಿದೆ, ವರ್ಷವಿದೆ. ಇಷ್ಟು ಸಣ್ಣ ಅಕ್ಷರಗಳನ್ನು ಅಷ್ಟು ಬಿರುಸಾದ ಕಲ್ಲಿನಲ್ಲಿ ತಪ್ಪಿಲ್ಲದೆ ಕೊರೆದವನ ಹೆಸರು ಮಾತ್ರ ಇಲ್ಲ. 2001ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಹದಿನೈದು ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು.

ನೀಲಿ ಹಸಿರಿನ ಆ ಜೋಡಿಯನ್ನು ಕಾಣಲು ನಾವು ಪ್ಯಾರಿಸ್ಸಿಗೆ ಹೋಗಬೇಕಾಗಿಯೂ ಇಲ್ಲ. ಬೀದರಿಗೆ ಹೋದರೆ ಸಾಕು. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಮುಖಗೋಡೆಯಲ್ಲಿ ಇರಾನೀ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ ಬಿಡಿಸಿದ್ದಾರೆ. ಕಪ್ಪಿನ ಮೇಲೆ ಹೊಳೆಯುವ ಬಿಳಿ. ಓನಿಕ್ಸಿನ ಪಕ್ಕ ವಜ್ರವಿಟ್ಟಾಗ ಪ್ಯಾರಿಸ್ ಬೆರಗಾದದ್ದು ಇಂಥದೇ ಜೋಡಣೆಗೆ. ಜಾಕೊ ಬೀದರನ್ನು ನೋಡಿ ಕಲಿತರೆಂದು ನಾವು ಹೇಳುತ್ತಿಲ್ಲ. ಅವರು ಕಲಿತ ಶಾಲೆಯೂ ಬೀದರಿನ ಶಾಲೆಯೂ ಒಂದೇ ಮನೆತನದವು ಎಂಬುದಷ್ಟೇ ನಮ್ಮ ಮಾತು.

ಹೆಸರು ಉಳಿದದ್ದು ಹೇಗೆ?

ಹಾಗಾದರೆ ನಮ್ಮವರಲ್ಲಿ ಯಾವ ಒಡವೆಗಾರನ ಹೆಸರೂ ಉಳಿದಿಲ್ಲವೇ? ಉಳಿದಿದೆ. ಇರಾನಿನ ಗೀಲಾನಿನಿಂದ ಬಂದ ಸಯೀದಾ ಗೀಲಾನಿ ಜಹಾಂಗೀರ್ ಮತ್ತು ಶಾಹಜಹಾನರ ಆಸ್ಥಾನದಲ್ಲಿ ಅಕ್ಕಸಾಲಿಗಳ ಮುಖ್ಯಸ್ಥನಾಗಿದ್ದ. ಕವಿಯೂ ಆಗಿದ್ದ. ಅವನಿಗೆ ಬೇಬದಲ್ ಖಾನ್, ಅಂದರೆ ಸಾಟಿಯಿಲ್ಲದವನು ಎಂಬ ಬಿರುದಿತ್ತು. ಒಂದು ಕೋಟಿ ರೂಪಾಯಿಯಲ್ಲಿ ಏಳು ವರ್ಷ ಕೆಲಸ ನಡೆದು 1635ರಲ್ಲಿ ಪೂರ್ಣಗೊಂಡ ಮಯೂರ ಸಿಂಹಾಸನ ಅವನ ಉಸ್ತುವಾರಿಯಲ್ಲಿ ಆದದ್ದು. 1739ರಲ್ಲಿ ನಾದಿರ್ ಶಾಹ್ ಆ ಸಿಂಹಾಸನವನ್ನು ಹೊತ್ತೊಯ್ದ. ಸಿಂಹಾಸನ ಹೋಯಿತು, ಅವನ ಹೆಸರು ಉಳಿಯಿತು. ಅದೇ ಜಹಾಂಗೀರನ ಬಳಿ ಫ್ರಾನ್ಸಿನ ಬೋರ್ದೋ ನಗರದಿಂದ ಬಂದ ಆಗಸ್ಟಿನ್ ಎಂಬ ಒಡವೆಗಾರನೂ ಇದ್ದ. ಬಾದಶಾಹ ಅವನಿಗೆ ಹುನರ್‌ಮಂದ್, ಅಂದರೆ ಕುಶಲಿ ಎಂಬ ಬಿರುದು ಕೊಟ್ಟ. ಜಾಕ್ ಕಾರ್ಟಿಯೆ ಬರುವುದಕ್ಕೆ ಮುನ್ನೂರು ವರ್ಷ ಮೊದಲೇ ಒಬ್ಬ ಫ್ರೆಂಚ್ ಕುಶಲಿ ನಮ್ಮ ದೊರೆಯ ಸಂಬಳಕ್ಕೆ ದುಡಿದಿದ್ದ. ವಿದ್ಯೆ ಯಾವತ್ತೂ ಒಂದೇ ದಿಕ್ಕಿಗೆ ಹರಿದದ್ದಿಲ್ಲ.

ಆ ಇಬ್ಬರ ಹೆಸರು ಉಳಿದದ್ದು ಬರೆದಿಟ್ಟದ್ದರಿಂದ. ದೊರೆ ಬರೆಸಿದ, ಚರಿತ್ರಕಾರ ಬರೆದ. ಜಾಕೊ ಹೆಸರು ಉಳಿದದ್ದೂ ಕಾಗದದಿಂದಲೇ. ಅವರು ಚಿತ್ರಿಸಿದ ಒಡವೆಗಳ ಮೇಲೆ ಇರುವುದು ಸಂಸ್ಥೆಯ ಹೆಸರು ಮಾತ್ರ. ಆದರೆ ಅವರ ಸಾವಿರಾರು ಕರಡು ಚಿತ್ರಗಳನ್ನು ಕುಟುಂಬದವರು ಕಾಪಾಡಿಕೊಂಡು ಬಂದು ಪ್ಯಾರಿಸ್ಸಿನ ಪೆಟಿ ಪಲೆ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಆ ಹಾಳೆಗಳಿಂದಲೇ ಸಂಶೋಧಕರು, ಈ ಗೆರೆ ಆ ಹಸ್ತಪ್ರತಿಯದು, ಈ ನಕ್ಷತ್ರ ಆ ಗೋಡೆಯದು ಎಂದು ತೋರಿಸಲು ಸಾಧ್ಯವಾಯಿತು. 2021ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ, 1903ರ ಪ್ರದರ್ಶನವನ್ನು ಏರ್ಪಡಿಸಿದ ಅದೇ ಸಂಸ್ಥೆಯಲ್ಲಿ, ಕಾರ್ಟಿಯೆ ಮತ್ತು ಇಸ್ಲಾಮೀ ಕಲೆಗಳು ಎಂಬ ಪ್ರದರ್ಶನ ತೆರೆಯಿತು. ಒಡವೆಯ ಪಕ್ಕದಲ್ಲೇ ಅದರ ಮೂಲವನ್ನಿಟ್ಟರು. ಮರುವರ್ಷ ಅದು ಅಮೆರಿಕದ ಡಲ್ಲಾಸಿಗೂ, 2023ರಲ್ಲಿ ಅಬೂಧಾಬಿಗೂ ಹೋಯಿತು. ನೂರು ವರ್ಷ ತಡವಾಗಿಯಾದರೂ ಸಾಲವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಂತಾಯಿತು.

ಅವರು ತಮ್ಮ ಲೆಕ್ಕ ಬರೆದರು. ನಮ್ಮ ಲೆಕ್ಕ? ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದ್ರಿಯ ಒಬ್ಬ ಕುಶಲಿಯ ಹೆಸರು ದೇಶಕ್ಕೆ ತಿಳಿಯಿತು. ಸಂತೋಷದ ಸಂಗತಿ. ಆದರೆ ಎರಕ ಹೊಯ್ಯುವವರು, ಉಳಿಯಿಂದ ಹೂ ಬಿಡಿಸುವವರು, ಬೆಳ್ಳಿಯ ತಂತಿ ಬಡಿದು ಕೂರಿಸುವವರು, ಕೋಟೆಯ ಮಣ್ಣಿನಿಂದ ಕಪ್ಪು ತರುವವರು ಎಷ್ಟು ಜನ! ಅವರು ಮಾಡಿದ ಹೂದಾನಿ ಅತಿಥಿಗಳಿಗೆ ಉಡುಗೊರೆಯಾಗಿ ಹೋಗುತ್ತದೆ, ಅವರ ಕಿವಿಯೋಲೆ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಚೀಟಿಯ ಮೇಲೆ ಬೆಲೆಯಿರುತ್ತದೆ, ಮಾಡಿದವರ ಹೆಸರಿಗೆ ಜಾಗವಿರುವುದಿಲ್ಲ. ನಮ್ಮ ಪೇಟೆಯ ಪತ್ತಾರರ ಕತೆಯೂ ಬೇರೆಯಲ್ಲ.

ರತ್ನದ ಬೆಲೆ ಜೌಹರಿಗೆ ಗೊತ್ತು ಎಂಬ ಮಾತು ಉರ್ದುವಿನಲ್ಲಿದೆ. ರತ್ನದ ಬೆಲೆ ಜಗತ್ತಿಗೆಲ್ಲ ಗೊತ್ತಾಗಿದೆ, ಹರಾಜು ಕಟ್ಟೆಗಳು ಅದನ್ನು ಡಾಲರಿನಲ್ಲಿ ಕೂಗಿ ಹೇಳುತ್ತಿವೆ. ಇನ್ನು ಗೊತ್ತಾಗಬೇಕಾದದ್ದು ಕೈಯ ಬೆಲೆ. ಅದಕ್ಕೆ ಪ್ರದರ್ಶನವೂ ಬೇಡ, ಸಂಗ್ರಹಾಲಯವೂ ಬೇಡ. ಮುಂದಿನ ಬಾರಿ ಒಂದು ಒಡವೆಯನ್ನು ಮಾಡಿಸಿದಾಗ, ಎಷ್ಟು ತೊಲ ಎಂದು ಕೇಳಿದ ಮೇಲೆ, ಇದನ್ನು ಮಾಡಿದವರ ಹೆಸರೇನು ಎಂದೂ ಕೇಳೋಣ. ಕೇಳಿದ್ದನ್ನು ರಸೀತಿಯ ಹಿಂಬದಿಯಲ್ಲಾದರೂ ಬರೆದಿಡೋಣ.